ನಕಲಿ ತಡೆಯುವ ಲೇಬಲ್: ಹಾಲೋಗ್ರಾಂ, ಕ್ಯೂಆರ್, ಚಿಪ್‌ಗಳಲ್ಲಿ ನಿಮಗೆ ಯಾವುದು?

ಮಲೇರಿಯಾಕ್ಕೆ ಕೊಡುವ ಆರ್ಟೆಸುನೇಟ್ ಮಾತ್ರೆಯ ಪ್ರಸಂಗವನ್ನು ಭದ್ರತಾ ಲೇಬಲ್ ಕೊಳ್ಳಲು ಹೊರಟ ಪ್ರತಿಯೊಬ್ಬರೂ ತಿಳಿದಿರಬೇಕು. ಆಗ್ನೇಯ ಏಷ್ಯಾದಲ್ಲಿ ಈ ಮಾತ್ರೆಯ ನಕಲಿಗಳು ಹರಡಿದ್ದ ಕಾಲದಲ್ಲಿ ಅಸಲಿ ಪೊಟ್ಟಣದ ಮೇಲೆ ಹಾಲೋಗ್ರಾಂ ಇತ್ತು. ನಕಲಿ ಪೊಟ್ಟಣಗಳ ಮೇಲೂ ಹಾಲೋಗ್ರಾಂ ಬಂತು. ವಿಜ್ಞಾನಿಗಳು, ಪೊಲೀಸರು ಮತ್ತು ಆರೋಗ್ಯ ಸಂಸ್ಥೆಗಳು ಒಟ್ಟಾಗಿ ನಡೆಸಿದ ತನಿಖೆಯ ವರದಿ 2008ರಲ್ಲಿ ಪ್ರಕಟವಾಗುವ ಹೊತ್ತಿಗೆ ಹತ್ತಕ್ಕೂ ಹೆಚ್ಚು ಬಗೆಯ ಖೋಟಾ ಹಾಲೋಗ್ರಾಂಗಳು ದಾಖಲಾಗಿದ್ದವು. ಪರೀಕ್ಷೆಗೆ ಒಳಪಟ್ಟ ಮಾದರಿಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಔಷಧ ಇರಲೇ ಇಲ್ಲ, ಇದ್ದರೂ ಅತ್ಯಲ್ಪ. ಜ್ವರದಿಂದ ಬಳಲುತ್ತಿದ್ದವರ ಕೈಗೆ ಹೊಳೆಯುವ ಸ್ಟಿಕರ್ ತಲುಪಿತು, ಮದ್ದು ತಲುಪಲಿಲ್ಲ.

ಅಲ್ಲಿ ಸೋತದ್ದು ಹಾಲೋಗ್ರಾಂ ಮಾತ್ರವಲ್ಲ. ಮಾತ್ರೆ ಕೊಳ್ಳುವವರ ಮುಂದೆ ಹೋಲಿಸಿ ನೋಡಲು ಅಸಲಿ ಪೊಟ್ಟಣ ಇರಲಿಲ್ಲ. ಹೊಳಪು ಕಂಡರೆ ಸಾಕು ಎಂದು ಅವರು ನಂಬಿದ್ದರು. ಆದ್ದರಿಂದ ಲೇಬಲ್ ಮಾರುವವರು ‘ಇದನ್ನು ನಕಲು ಮಾಡುವುದು ಎಷ್ಟು ಕಷ್ಟ ಗೊತ್ತೇ’ ಎಂದು ಮಾತು ಆರಂಭಿಸಿದರೆ, ನೀವು ಬೇರೆ ಪ್ರಶ್ನೆ ಕೇಳಬೇಕು: ಇದನ್ನು ಪರೀಕ್ಷಿಸುವವರು ಯಾರು, ಎಲ್ಲಿ, ಯಾವ ಸಾಧನ ಹಿಡಿದು, ಎಷ್ಟು ಹೊತ್ತಿನಲ್ಲಿ? ಈ ಪ್ರಶ್ನೆಗೆ ಉತ್ತರ ಸಿಕ್ಕರೆ ತಂತ್ರಜ್ಞಾನದ ಆಯ್ಕೆ ಮುಕ್ಕಾಲು ಪಾಲು ಮುಗಿದಂತೆ. ಮುಂದಿನ ಹೋಲಿಕೆಯನ್ನೆಲ್ಲ ನಾನು ಈ ಒಂದೇ ಅಳತೆಗೋಲಿನಿಂದ ಮಾಡಿದ್ದೇನೆ.

ಮೊದಲು ಕಳ್ಳದಾರಿ ಯಾವುದೆಂದು ನೋಡಿ

ನಕಲಿ ಎಂದರೆ ಒಂದೇ ಬಗೆಯದಲ್ಲ. ಹೊರಗಿನವರು ಪೆಟ್ಟಿಗೆ, ಲೇಬಲ್, ಒಳಗಿನ ವಸ್ತು ಎಲ್ಲವನ್ನೂ ತಾವೇ ತಯಾರಿಸುವುದು ಒಂದು. ಖಾಲಿಯಾದ ಅಸಲಿ ಬಾಟಲಿ, ಡಬ್ಬಿಗಳನ್ನು ಕಲೆಹಾಕಿ ಕಳಪೆ ಸರಕು ತುಂಬುವುದು ಇನ್ನೊಂದು. ಗುತ್ತಿಗೆ ಕಾರ್ಖಾನೆಯಲ್ಲಿಯೇ ಆದೇಶಕ್ಕಿಂತ ಹೆಚ್ಚು ತಯಾರಿಸಿ ಹಿಂಬಾಗಿಲಿನಿಂದ ಮಾರುವುದು ಮೂರನೆಯದು. ಅವಧಿ ಮುಗಿದ ಸರಕಿನ ದಿನಾಂಕ ಅಳಿಸಿ ಹೊಸದಾಗಿ ಮುದ್ರಿಸುವುದೂ ಉಂಟು.

ಎರಡನೆಯ ಬಗೆಯ ಮುಂದೆ ಅತ್ಯುತ್ತಮ ಹಾಲೋಗ್ರಾಂ ಕೂಡ ನಿಷ್ಪ್ರಯೋಜಕ, ಏಕೆಂದರೆ ಬಾಟಲಿಯ ಮೇಲಿರುವುದು ನಿಮ್ಮದೇ ಅಸಲಿ ಹಾಲೋಗ್ರಾಂ. ಮೂರನೆಯ ಬಗೆಯಲ್ಲಂತೂ ವಸ್ತು, ಪೆಟ್ಟಿಗೆ, ಲೇಬಲ್ ಎಲ್ಲವೂ ಒಂದೇ ಕಾರ್ಖಾನೆಯವು. ಅಲ್ಲಿ ಬೇಕಾದದ್ದು ಲೇಬಲ್‌ನ ಚೆಲುವಲ್ಲ, ಲೇಬಲ್‌ನ ಲೆಕ್ಕ. ಎಷ್ಟು ಮುದ್ರಣವಾಯಿತು, ಎಷ್ಟು ಕಾರ್ಖಾನೆಗೆ ಹೋಯಿತು, ಎಷ್ಟು ಹಾಳಾಗಿ ಸುಡಲಾಯಿತು, ಎಷ್ಟು ಪೆಟ್ಟಿಗೆಯ ಮೇಲೇರಿತು ಎಂಬ ನಾಲ್ಕು ಸಂಖ್ಯೆಗಳು ತಾಳೆಯಾಗದಿದ್ದರೆ ಸೋರಿಕೆ ಎಲ್ಲಿದೆ ಎಂದು ಹುಡುಕಬೇಕಾಗಿಲ್ಲ.

ಸರಕು ತಲುಪುವ ದಾರಿಯನ್ನೂ ಗಮನಿಸಿ. ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆ ಹಾಗೂ ಐರೋಪ್ಯ ಒಕ್ಕೂಟದ ಬೌದ್ಧಿಕ ಆಸ್ತಿ ಕಚೇರಿ ಜಂಟಿಯಾಗಿ ಮಾಡಿದ ಅಂದಾಜಿನ ಪ್ರಕಾರ 2019ರಲ್ಲಿ ದೇಶದೇಶಗಳ ನಡುವೆ ಸಾಗಿದ ನಕಲಿ ಸರಕಿನ ಮೌಲ್ಯ 464 ಶತಕೋಟಿ ಡಾಲರ್‌ವರೆಗೆ ಇತ್ತು, ಅಂದರೆ ವಿಶ್ವ ವ್ಯಾಪಾರದ ಶೇಕಡಾ 2.5. ಜಪ್ತಿಯಾದ ಪ್ರಕರಣಗಳಲ್ಲಿ ಬಹುಪಾಲು ಅಂಚೆಯ ಸಣ್ಣ ಪೊಟ್ಟಣಗಳೇ. ಆನ್‌ಲೈನ್‌ನಲ್ಲಿ ಕೊಂಡವರು ವಸ್ತುವನ್ನು ಮೊದಲ ಬಾರಿ ಮುಟ್ಟುವುದು ಹಣ ಕೊಟ್ಟ ಮೇಲೆ. ಅಂಗಡಿಯ ಕಪಾಟಿನಲ್ಲಿ ಕಣ್ಣಿಗೆ ಬೀಳಲೆಂದು ಮಾಡಿದ ಗುರುತು ಅವರಿಗೆ ಕೊಳ್ಳುವ ಮೊದಲು ಒದಗುವುದಿಲ್ಲ. ಕೊಂಡ ಮೇಲೆ ಪರೀಕ್ಷಿಸಿ, ದೂರು ಕೊಟ್ಟು, ಹಿಂದಿರುಗಿಸಲು ನೆರವಾಗುವ ಗುರುತೇ ಅವರಿಗೆ ಬೇಕು.

ಬರಿಗಣ್ಣಿಗೆ ಕಾಣುವವು: ಹಾಲೋಗ್ರಾಂ ಮತ್ತು ಬಣ್ಣ ಬದಲಿಸುವ ಶಾಯಿ

ಹಾಲೋಗ್ರಫಿಯ ತತ್ತ್ವವನ್ನು ಡೆನಿಸ್ ಗೇಬರ್ 1947ರಲ್ಲಿ ಕಂಡುಹಿಡಿದರು. 1971ರಲ್ಲಿ ಅವರಿಗೆ ನೊಬೆಲ್ ಬಂತು. 1983ರಲ್ಲಿ ಮಾಸ್ಟರ್‌ಕಾರ್ಡ್ ಅದನ್ನು ಕ್ರೆಡಿಟ್ ಕಾರ್ಡಿನ ಮೇಲೆ ತಂದ ನಂತರ ಅದು ಭದ್ರತೆಯ ಚಿಹ್ನೆಯಾಗಿ ಮನೆಮಾತಾಯಿತು. ಆದರೆ ಇಂದು ಕಾರ್ಡಿನ ನಿಜವಾದ ಪರೀಕ್ಷೆ ನಡೆಯುವುದು ಅದರೊಳಗಿನ ಚಿಪ್ ಮತ್ತು ಯಂತ್ರದ ನಡುವೆ. ಗಲ್ಲಾಪೆಟ್ಟಿಗೆಯ ಮುಂದೆ ನಿಂತವರು ಪ್ರತಿ ಸಲವೂ ಕಾರ್ಡನ್ನು ಓರೆ ಮಾಡಿ ನೋಡುತ್ತಾರೆಂದು ನಂಬಿ ವ್ಯವಸ್ಥೆ ಕಟ್ಟಲು ಸಾಧ್ಯವಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ತಯಾರಿಕೆಯ ಕ್ರಮ ತಿಳಿದರೆ ಬೆಲೆ ಮತ್ತು ಗುಣಮಟ್ಟದ ನಡುವಿನ ವ್ಯತ್ಯಾಸ ಅರ್ಥವಾಗುತ್ತದೆ. ಮೂಲ ಚಿತ್ರವನ್ನು ಬೆಳಕಿಗೆ ಸಂವೇದಿಸುವ ಫಲಕದ ಮೇಲೆ ಅತಿಸೂಕ್ಷ್ಮ ಗೀರುಗಳಾಗಿ ದಾಖಲಿಸುತ್ತಾರೆ. ಅದರಿಂದ ನಿಕ್ಕಲ್ ಅಚ್ಚು ತೆಗೆದು, ಆ ಅಚ್ಚಿನಿಂದ ತೆಳು ಹಾಳೆಯ ಮೇಲೆ ಉಬ್ಬಚ್ಚು ಒತ್ತುತ್ತಾರೆ. ಹೊಳಪು ಬರುವುದು ಅಲ್ಯೂಮಿನಿಯಂ ಲೇಪದಿಂದ. ಲೇಸರ್ ಚುಕ್ಕಿಗಳಿಂದ ಮಾಡುವ ಸಾಧಾರಣ ಚಿತ್ರಗಳ ಯಂತ್ರ ಇಂದು ಯಾರಿಗೂ ಸಿಗುತ್ತದೆ. ಎಲೆಕ್ಟ್ರಾನ್ ಕಿರಣದಿಂದ ಕೊರೆದ ಮೂಲಚಿತ್ರ ಹಾಗಲ್ಲ. ಅದರ ಯಂತ್ರವೂ ದುಬಾರಿ, ಅದನ್ನು ನಡೆಸುವ ಕೈಗಳೂ ಕಡಿಮೆ.

ಹಾಲೋಗ್ರಾಂ ಆರಿಸುವುದಾದರೆ ನನ್ನ ಮೊದಲ ಮಾತು: ಸಿದ್ಧ ವಿನ್ಯಾಸದ, ‘ಅಸಲಿ’ ಎಂದೋ ‘ಭದ್ರ’ ಎಂದೋ ಬರೆದ ಸಾಮಾನ್ಯ ಸ್ಟಿಕರ್ ಎಂದಿಗೂ ಬೇಡ. ನೀವು ಕೊಂಡ ಕಡೆಯಿಂದಲೇ ನಕಲಿಗಾರರೂ ಕೊಳ್ಳುತ್ತಾರೆ. ನಿಮ್ಮದೇ ಚಿತ್ರ ಬೇಕು, ಮತ್ತು ಆ ಚಿತ್ರದಲ್ಲಿ ಒಂದೇ ವಾಕ್ಯದಲ್ಲಿ ಹೇಳಬಹುದಾದ ಚಲನೆ ಇರಬೇಕು. ‘ಎಡಕ್ಕೆ ಓರೆ ಮಾಡಿದರೆ ಹಕ್ಕಿಯ ರೆಕ್ಕೆ ಮುಚ್ಚುತ್ತದೆ’ ಎಂದರೆ ಮಕ್ಕಳೂ ಪರೀಕ್ಷಿಸಬಲ್ಲರು. ‘ಬಣ್ಣಬಣ್ಣವಾಗಿ ಮಿನುಗುತ್ತದೆ’ ಎಂಬುದು ಪರೀಕ್ಷೆಯೇ ಅಲ್ಲ, ಏಕೆಂದರೆ ಎಲ್ಲ ಹಾಲೋಗ್ರಾಂಗಳೂ ಮಿನುಗುತ್ತವೆ. ಅಂತರರಾಷ್ಟ್ರೀಯ ಹಾಲೋಗ್ರಾಂ ತಯಾರಕರ ಸಂಘ ಚಿತ್ರಗಳ ಗೌಪ್ಯ ನೋಂದಣಿಯೊಂದನ್ನು ನಡೆಸುತ್ತದೆ. ನಿಮ್ಮ ಚಿತ್ರವನ್ನೇ ಹೋಲುವುದನ್ನು ಮಾಡಿಕೊಡಿ ಎಂದು ಬೇರೊಬ್ಬರು ಕೇಳಿದಾಗ ಅದು ಗೊತ್ತಾಗಲಿ ಎಂಬುದು ಅದರ ಉದ್ದೇಶ. ನಿಮ್ಮ ತಯಾರಕರು ಅಲ್ಲಿ ನೋಂದಾಯಿಸುತ್ತಾರೆಯೇ ಎಂದು ಕೇಳಿ.

ಓರೆ ಮಾಡಿದಾಗ ಹಸಿರು ನೀಲಿಯಾಗುವಂಥ, ನೋಟುಗಳ ಮೇಲೆ ಬಳಸುವ ಶಾಯಿ ಇದಕ್ಕಿಂತ ಸರಳ. ಎರಡು ಬಣ್ಣಗಳ ಹೆಸರು ಹೇಳಿದರೆ ಸಾಕು. ನಿಜವಾಗಿ ಬಣ್ಣ ಬದಲಿಸುವ ಉತ್ತಮ ಶಾಯಿಯನ್ನು ಅದರ ತಯಾರಕರು ಸಿಕ್ಕಸಿಕ್ಕವರಿಗೆ ಮಾರುವುದಿಲ್ಲ. ಸಣ್ಣ ಜಾಗದಲ್ಲಿ, ಪೆಟ್ಟಿಗೆಯ ಮುದ್ರಣದೊಳಗೇ ಸೇರಿಸಬಹುದು ಎಂಬುದು ಅದರ ದೊಡ್ಡ ಅನುಕೂಲ. ಅಂಟಿಸಿದ ಸ್ಟಿಕರ್ ಕೀಳಬಹುದು, ಮುದ್ರಣವನ್ನು ಕೀಳಲಾಗದು.

ತೆರೆದರೆ ತಿಳಿಯುವ ಸೀಲು

1982ರಲ್ಲಿ ಶಿಕಾಗೋ ಸುತ್ತಮುತ್ತ ಟೈಲೆನಾಲ್ ಎಂಬ ನೋವುನಿವಾರಕ ಮಾತ್ರೆಗಳಲ್ಲಿ ಯಾರೋ ಸಯನೈಡ್ ಬೆರೆಸಿ ಏಳು ಜನ ಸತ್ತರು. ಆ ಬಾಟಲಿಗಳು ಅಸಲಿ, ತಯಾರಕರೂ ಅಸಲಿ, ಅವನ್ನು ನಡುದಾರಿಯಲ್ಲಿ ತೆರೆಯಲಾಗಿತ್ತು. ತೆರೆದದ್ದು ಗೊತ್ತಾಗುವ ಮುಚ್ಚಳ, ಸೀಲುಗಳು ಕಡ್ಡಾಯವಾದದ್ದು ಆ ದುರಂತದ ನಂತರ. ಇದನ್ನು ಇಲ್ಲಿ ಹೇಳುವ ಕಾರಣವೆಂದರೆ ‘ಇದು ಅಸಲಿಯೇ’ ಮತ್ತು ‘ಇದನ್ನು ಯಾರಾದರೂ ತೆರೆದಿದ್ದಾರೆಯೇ’ ಎಂಬ ಎರಡು ಬೇರೆ ಪ್ರಶ್ನೆಗಳನ್ನು ಬಹಳ ಕಂಪನಿಗಳು ಕಲಸಿಬಿಡುತ್ತವೆ. ಮೊದಲನೆಯದಕ್ಕೆ ದೃಢೀಕರಣ ಬೇಕು, ಎರಡನೆಯದಕ್ಕೆ ಸೀಲು ಬೇಕು. ಮರುಭರ್ತಿಯ ಅಪಾಯ ಇರುವಲ್ಲಿ ಎರಡೂ ಬೇಕು.

ಸೀಲುಗಳಲ್ಲಿ ಮುಖ್ಯವಾಗಿ ಎರಡು ಮಾದರಿ. ಕಿತ್ತಾಗ ಅಡಿಯಲ್ಲಿ ಅಕ್ಷರಗಳನ್ನು ಉಳಿಸಿಹೋಗುವ ಲೇಬಲ್ ಒಂದು. ಕೀಳಲು ಹೋದರೆ ಮೊಟ್ಟೆಯ ಸಿಪ್ಪೆಯಂತೆ ಚೂರುಚೂರಾಗುವ ವಿನೈಲ್ ಇನ್ನೊಂದು. ನಯವಾದ ಗಟ್ಟಿ ಮೇಲ್ಮೈಗೆ ಮೊದಲನೆಯದು ಚೆನ್ನಾಗಿ ಹೊಂದುತ್ತದೆ. ಎರಡನೆಯದನ್ನು ಇಡಿಯಾಗಿ ಕೀಳುವುದು ಬಹಳ ಕಷ್ಟ, ಆದರೆ ವೇಗದ ಯಂತ್ರದಲ್ಲಿ ಅಂಟಿಸುವಾಗಲೂ ಅದು ಹರಿಯುತ್ತದೆ. ಕಾಗದದ ಪೆಟ್ಟಿಗೆಯಾದರೆ ಪೆಟ್ಟಿಗೆಯ ನಾರೇ ಕಿತ್ತುಬರುವಷ್ಟು ಬಲವಾದ ಅಂಟು ಸಾಕಾಗುತ್ತದೆ.

ಸೀಲನ್ನು ಒಪ್ಪಿಕೊಳ್ಳುವ ಮೊದಲು ಬಿಸಿಗಾಳಿ ಹಾಯಿಸಿ ನೋಡಿ, ಮಂಜುಗಟ್ಟಿಸಿ ನೋಡಿ, ದ್ರಾವಕ ಹಚ್ಚಿ ನೋಡಿ. ಕಳ್ಳರು ಮಾಡುವುದು ಇದನ್ನೇ. ಅಂಟು ಪೂರ್ಣ ಬಲ ಪಡೆಯಲು ಸಾಮಾನ್ಯವಾಗಿ ಒಂದು ದಿನವಾದರೂ ಹಿಡಿಯುತ್ತದೆ, ಹಾಗಾಗಿ ಅಂಟಿಸಿದ ತಕ್ಷಣ ಪರೀಕ್ಷಿಸಿ ತೀರ್ಮಾನಿಸಬೇಡಿ. ಪರೀಕ್ಷೆ ನಿಮ್ಮದೇ ಪೆಟ್ಟಿಗೆಯ ಮೇಲೆ, ಅದರದೇ ವಾರ್ನಿಶ್‌ನ ಮೇಲೆ ನಡೆಯಬೇಕು. ಮಾರಾಟಗಾರರು ಗಾಜಿನ ಮೇಲೆ ತೋರಿಸುವ ಪ್ರದರ್ಶನ ನಿಮ್ಮ ಪಾಲಿಪ್ರೊಪಿಲಿನ್ ಡಬ್ಬಿಗೆ ಅನ್ವಯಿಸುವುದಿಲ್ಲ. ಔಷಧದ ಪೊಟ್ಟಣಗಳಿಗಾದರೆ ಇಂಥ ಸೀಲುಗಳ ಬಗೆಗೆ 2018ರ ಐಎಸ್‌ಒ 21976 ಮಾನದಂಡವೇ ಇದೆ.

ಕ್ಯೂಆರ್ ಮತ್ತು ಕ್ರಮಸಂಖ್ಯೆ

ಹೆಚ್ಚಿನವರ ಆಯ್ಕೆ ಕೊನೆಗೆ ಬಂದು ನಿಲ್ಲುವುದು ಇಲ್ಲಿ, ಹೆಚ್ಚಿನ ತಪ್ಪು ತಿಳಿವಳಿಕೆ ಇರುವುದೂ ಇಲ್ಲಿ. 1994ರಲ್ಲಿ ಜಪಾನಿನ ಡೆನ್ಸೊ ವೇವ್ ಕಂಪನಿ ರೂಪಿಸಿದ ಕ್ಯೂಆರ್ ಕೋಡ್ ಮಾಹಿತಿಯನ್ನು ಬೇಗ ಓದಲು ಮಾಡಿದ್ದೇ ಹೊರತು ನಕಲು ತಡೆಯಲು ಮಾಡಿದ್ದಲ್ಲ. ಯಾವ ಫೋಟೊಕಾಪಿ ಯಂತ್ರವೂ ಅದನ್ನು ನಕಲು ಮಾಡುತ್ತದೆ. ಎಲ್ಲ ಪೆಟ್ಟಿಗೆಗಳ ಮೇಲೆ ಒಂದೇ ಕ್ಯೂಆರ್ ಮುದ್ರಿಸಿ ‘ನಮ್ಮದು ಸುರಕ್ಷಿತ’ ಎನ್ನುವ ಕಂಪನಿ ತನ್ನ ಗ್ರಾಹಕರಿಗೆ ಹುಸಿ ಧೈರ್ಯವನ್ನಷ್ಟೇ ಕೊಡುತ್ತಿದೆ.

ಶಕ್ತಿ ಇರುವುದು ಪ್ರತಿ ಪೆಟ್ಟಿಗೆಗೂ ಬೇರೆ ಸಂಖ್ಯೆ ಕೊಟ್ಟು, ಆ ಸಂಖ್ಯೆಗಳನ್ನು ಸರ್ವರ್‌ನಲ್ಲಿ ಇಟ್ಟುಕೊಳ್ಳುವುದರಲ್ಲಿ. ಆ ಸಂಖ್ಯೆ ಊಹೆಗೆ ಸಿಗಬಾರದು. ಆರು ಅಂಕಿಯ ಸಾಲುಸಂಖ್ಯೆ ಬಳಸಿ ಐದು ಲಕ್ಷ ಪೆಟ್ಟಿಗೆ ಮಾರಿದ್ದರೆ ನಕಲಿಗಾರರು ಬರೆಯುವ ಪ್ರತಿ ಎರಡನೆಯ ಸಂಖ್ಯೆ ಸರಿಯಾಗಿರುತ್ತದೆ. ಅದರ ಬದಲು ಗೊಂದಲ ಹುಟ್ಟಿಸುವ ಅಕ್ಷರಗಳನ್ನು ಬಿಟ್ಟು ಉಳಿದ 32 ಚಿಹ್ನೆಗಳಿಂದ ಯಾದೃಚ್ಛಿಕವಾಗಿ ಆರಿಸಿದ ಹತ್ತು ಅಕ್ಷರಗಳ ಸಂಖ್ಯೆ ಬಳಸಿದರೆ ಸಾಧ್ಯತೆಗಳು ಸುಮಾರು ಹನ್ನೊಂದು ಕೋಟಿ ಕೋಟಿ. ಹತ್ತು ಲಕ್ಷ ಪೆಟ್ಟಿಗೆ ಮಾರಿದ ಮೇಲೂ ಊಹೆ ಫಲಿಸುವುದು ನೂರು ಕೋಟಿ ಪ್ರಯತ್ನಕ್ಕೆ ಒಮ್ಮೆಯೂ ಅಲ್ಲ. ಐರೋಪ್ಯ ಒಕ್ಕೂಟದ ಔಷಧ ನಿಯಮ ಇದನ್ನು ಕಾನೂನಾಗಿಯೇ ಬರೆದಿದೆ: ಕ್ರಮಸಂಖ್ಯೆ ಊಹೆಗೆ ಸಿಗುವ ಸಂಭವ ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆ ಇರಬೇಕು.

ಊಹಿಸಲಾಗದಿದ್ದರೂ ನಕಲು ಮಾಡಬಹುದಲ್ಲ? ಹೌದು. ಒಂದು ಅಸಲಿ ಸಂಖ್ಯೆಯನ್ನು ಹತ್ತು ಸಾವಿರ ನಕಲಿ ಪೆಟ್ಟಿಗೆಗಳ ಮೇಲೆ ಮುದ್ರಿಸಿದರೆ ಸರ್ವರ್ ಅದನ್ನು ಬೇಗ ಹಿಡಿಯುತ್ತದೆ, ಏಕೆಂದರೆ ಒಂದೇ ಸಂಖ್ಯೆ ಒಂದೇ ದಿನ ದೂರದೂರದ ಊರುಗಳಿಂದ ಬರುತ್ತದೆ. ಚಾಣಾಕ್ಷರು ಅಂಗಡಿಯ ಕಪಾಟುಗಳಿಂದ ಸಾವಿರಾರು ಸಂಖ್ಯೆಗಳ ಚಿತ್ರ ತೆಗೆದು ಒಂದೊಂದನ್ನು ಒಂದೊಂದೇ ಸಲ ಬಳಸಿದರೆ ಹಿಡಿಯುವುದು ಕಷ್ಟ. ಆಗ ಅಸಲಿ ಕೊಂಡವರಿಗೂ ‘ಇದು ಈಗಾಗಲೇ ಪರೀಕ್ಷೆಯಾಗಿದೆ’ ಎಂಬ ಎಚ್ಚರಿಕೆ ಬರುತ್ತದೆ. ಆದ್ದರಿಂದ ಪರದೆಯ ಮೇಲಿನ ಮಾತನ್ನು ಬಹಳ ಯೋಚಿಸಿ ಬರೆಯಬೇಕು. ಬರೀ ಸಂಖ್ಯೆಯನ್ನು ನೋಡಿ ‘ಅಸಲಿ’ ಎಂದು ಹಸಿರು ಗುರುತು ತೋರಿಸುವುದು ನನ್ನ ಪ್ರಕಾರ ತಪ್ಪು. ‘ಈ ಸಂಖ್ಯೆ ನಾವು ಕೊಟ್ಟದ್ದು, ಇದು ಮೊದಲ ಪರೀಕ್ಷೆ, ಸೀಲು ಇಡಿಯಾಗಿದೆಯೇ ನೋಡಿ’ ಎಂದರೆ ಅದು ಸತ್ಯ.

ಕೋಡನ್ನು ಮುಚ್ಚಿಡುವುದು ಇದಕ್ಕೆ ಒಳ್ಳೆಯ ಪರಿಹಾರ. ಕೆರೆದು ತೆಗೆಯುವ ಲೇಪದ ಅಡಿಯಲ್ಲಿಯೋ ಮುಚ್ಚಳದ ಒಳಗೋ ಇದ್ದರೆ ಕಪಾಟಿನಲ್ಲಿ ಚಿತ್ರ ತೆಗೆಯಲಾಗದು. ನೈಜೀರಿಯಾದ ಔಷಧ ನಿಯಂತ್ರಣ ಸಂಸ್ಥೆ 2010ರಲ್ಲಿ ಆರಂಭಿಸಿದ ವ್ಯವಸ್ಥೆಯಲ್ಲಿ ರೋಗಿಗಳು ಲೇಪ ಕೆರೆದು, ಸಂಖ್ಯೆಯನ್ನು ಎಸ್‌ಎಂಎಸ್ ಮಾಡಿ ಉತ್ತರ ಪಡೆಯುತ್ತಾರೆ. ಸ್ಮಾರ್ಟ್‌ಫೋನ್ ಬೇಡ, ಇಂಟರ್‌ನೆಟ್ ಬೇಡ. ಪರೀಕ್ಷಿಸುವವರ ಕೈಯಲ್ಲಿ ಏನಿದೆ ಎಂದು ನೋಡಿ ರೂಪಿಸಿದ ಇಂಥ ಕೆಲಸದ ಮೇಲೆ ನನಗೆ ಅಪಾರ ಗೌರವವಿದೆ.

ಇನ್ನೊಂದು ಅಪಾಯವನ್ನು ಲೇಬಲ್ ಮಾರುವವರು ಅಪರೂಪಕ್ಕೆ ಹೇಳುತ್ತಾರೆ. ನಕಲಿಗಾರರು ನಿಮ್ಮ ಕೋಡನ್ನು ನಕಲು ಮಾಡಲೇಬೇಕೆಂದಿಲ್ಲ. ತಮ್ಮದೇ ಕೋಡ್ ಮುದ್ರಿಸಿ, ನಿಮ್ಮ ಜಾಲತಾಣದಂತೆಯೇ ಕಾಣುವ ತಮ್ಮ ತಾಣಕ್ಕೆ ಕರೆದೊಯ್ದು, ‘ಅಭಿನಂದನೆಗಳು, ಅಸಲಿ’ ಎಂದು ತೋರಿಸಿದರೆ ಸಾಕು. ಈ ಕಾರಣಕ್ಕೆ ಪರೀಕ್ಷೆ ನಿಮ್ಮ ಅಧಿಕೃತ ಆ್ಯಪ್‌ನಲ್ಲಿ ನಡೆಯಬೇಕು, ಅಥವಾ ಜನರಿಗೆ ಚೆನ್ನಾಗಿ ಗೊತ್ತಿರುವ ಒಂದೇ ವಿಳಾಸದಲ್ಲಿ ನಡೆಯಬೇಕು. ಕೋಡ್‌ಗಾಗಿ ಯಾವುದೋ ಅಗ್ಗದ ಕಿರುವಿಳಾಸ ಬಳಸುವ ಕಂಪನಿ ಈ ದಾಳಿಗೆ ತಾನೇ ಬಾಗಿಲು ತೆರೆದಿಟ್ಟಂತೆ.

ನಕಲಾದರೆ ಕೆಡುವ ಮುದ್ರಣ

ಕೋಡ್‌ನ ಜೊತೆಯಲ್ಲಿಯೇ ಕಣ್ಣಿಗೆ ಬೂದು ಕಲೆಯಂತೆ ಕಾಣುವ ಅತಿಸೂಕ್ಷ್ಮ ಯಾದೃಚ್ಛಿಕ ಚುಕ್ಕಿವಿನ್ಯಾಸ ಮುದ್ರಿಸುವ ವಿಧಾನವಿದೆ. ಪ್ರತಿ ಬಾರಿ ಸ್ಕ್ಯಾನ್ ಮಾಡಿ ಮತ್ತೆ ಮುದ್ರಿಸಿದಾಗ ಅದರ ವಿವರ ಸ್ವಲ್ಪ ನಷ್ಟವಾಗುತ್ತದೆ, ಆ ನಷ್ಟವನ್ನು ಫೋನಿನ ಕ್ಯಾಮೆರಾ ಅಳೆಯುತ್ತದೆ. ಲೇಬಲ್‌ಗೆ ಹೆಚ್ಚುವರಿ ವಸ್ತುವೇ ಬೇಡ, ಬರೀ ಶಾಯಿ. ಸಾಮಾನ್ಯ ಕ್ಯೂಆರ್‌ಗಿಂತ ಇದು ಖಂಡಿತ ಮೇಲು. ಆದರೆ ನಿಮ್ಮ ಮುದ್ರಣದ ಗುಣಮಟ್ಟ ತಿಂಗಳಿಂದ ತಿಂಗಳಿಗೆ ಏರುಪೇರಾದರೆ ಅಸಲಿಯೇ ನಕಲಿಯೆಂದು ಬರಲಾರಂಭಿಸುತ್ತದೆ. ಅಗ್ಗದ ಫೋನ್‌ಗಳ ಕ್ಯಾಮೆರಾ ಸೂಕ್ಷ್ಮ ವಿವರ ಹಿಡಿಯದೆ ‘ಮತ್ತೆ ಪ್ರಯತ್ನಿಸಿ’ ಎನ್ನುತ್ತದೆ. ಯಂತ್ರಕಲಿಕೆಯ ನೆರವಿನಿಂದ ಕಳೆದುಹೋದ ಚುಕ್ಕಿಗಳನ್ನು ಅಂದಾಜಿಸಿ ಮರುನಿರ್ಮಿಸಬಹುದೆಂದು ಸಂಶೋಧಕರು ತೋರಿಸಿದ್ದಾರೆ. ಹಾಗಾಗಿ ವಿನ್ಯಾಸವನ್ನು ಆಗಾಗ ಬದಲಿಸುವ ಒಪ್ಪಂದ ಮಾಡಿಕೊಳ್ಳಿ.

ಇದರ ಮುಂದಿನ ಹೆಜ್ಜೆ ವಸ್ತುವಿನ ಸಹಜ ಬೆರಳಚ್ಚು. ಕಾಗದದ ಮೇಲ್ಮೈಯ ನಾರುಗಳ ಹೆಣಿಗೆ ಎರಡು ಹಾಳೆಗಳಲ್ಲಿ ಒಂದೇ ರೀತಿ ಇರುವುದಿಲ್ಲ. ನೀರಿನಲ್ಲಿ ಅದ್ದಿದ, ಮುದುಡಿ ಉಂಡೆ ಮಾಡಿದ ಕಾಗದವನ್ನೂ ಲೇಸರ್ ಬೆಳಕಿನಿಂದ ಗುರುತಿಸಬಹುದೆಂದು ‘ನೇಚರ್’ ಪತ್ರಿಕೆಯಲ್ಲಿ 2005ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ಇಲ್ಲಿ ನಕಲು ಮಾಡಲು ಏನೂ ಇಲ್ಲ, ಏಕೆಂದರೆ ತಯಾರಕರಿಗೇ ಅದನ್ನು ಮತ್ತೊಮ್ಮೆ ಮಾಡಲಾಗದು. ಅಡ್ಡಿಯೆಂದರೆ ಪ್ರತಿ ಪೆಟ್ಟಿಗೆಯನ್ನೂ ತಯಾರಿಕೆಯ ಸಾಲಿನಲ್ಲಿಯೇ ಓದಿ ದಾಖಲಿಸಬೇಕು. ನಿಮಿಷಕ್ಕೆ ನೂರಾರು ಪೆಟ್ಟಿಗೆ ಹೋಗುವ ಸಾಲಿಗೆ ಇದನ್ನು ಅಳವಡಿಸುವುದು ದೊಡ್ಡ ಕೆಲಸ. ಕಡಿಮೆ ಸಂಖ್ಯೆಯ, ಹೆಚ್ಚು ಬೆಲೆಯ ವಸ್ತುಗಳಿಗೆ ಯೋಗ್ಯ.

ಚಿಪ್: ಎನ್‌ಎಫ್‌ಸಿ ಮತ್ತು ಆರ್‌ಎಫ್‌ಐಡಿ

ಎರಡೂ ರೇಡಿಯೊ ಅಲೆಯಿಂದ ಓದಿಸಿಕೊಳ್ಳುವ ಪುಟ್ಟ ಚಿಪ್‌ಗಳು. ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದು ವಾಡಿಕೆ, ಆದರೆ ಪರೀಕ್ಷಿಸುವವರು ಬೇರೆಬೇರೆ. ಎನ್‌ಎಫ್‌ಸಿ 13.56 ಮೆಗಾಹರ್ಟ್ಸ್‌ನಲ್ಲಿ, ಕೆಲವೇ ಸೆಂಟಿಮೀಟರ್ ಅಂತರದಲ್ಲಿ, ಗ್ರಾಹಕರ ಫೋನಿನಿಂದಲೇ ಓದಿಸಿಕೊಳ್ಳುತ್ತದೆ. ಯುಎಚ್‌ಎಫ್, ಅಂದರೆ ಅತ್ಯುಚ್ಚ ಆವರ್ತನದ ಆರ್‌ಎಫ್‌ಐಡಿ 860ರಿಂದ 960 ಮೆಗಾಹರ್ಟ್ಸ್‌ನಲ್ಲಿ, ಕೆಲವು ಮೀಟರ್ ದೂರದಿಂದ, ಗೋದಾಮಿನ ವಿಶೇಷ ಓದುಯಂತ್ರದಿಂದ ಓದಿಸಿಕೊಳ್ಳುತ್ತದೆ. ಗ್ರಾಹಕರೇ ಪರೀಕ್ಷಿಸಬೇಕಾದರೆ ಮೊದಲನೆಯದು. ನಿಮ್ಮ ಗೋದಾಮು, ವಿತರಕರ ಮಟ್ಟದಲ್ಲಿ ಸರಕಿನ ಜಾಡು ಹಿಡಿಯಬೇಕಾದರೆ ಎರಡನೆಯದು.

ಎನ್‌ಎಫ್‌ಸಿ ಆರಿಸುವವರು ಚಿಪ್‌ನ ದರ್ಜೆಯನ್ನು ಕೇಳದೆ ಮುಂದುವರಿಯಬಾರದು. ಅಗ್ಗದ ಚಿಪ್ ಪ್ರತಿ ಬಾರಿಯೂ ಒಂದೇ ವಿಳಾಸವನ್ನು ಹೇಳುತ್ತದೆ. ಅದು ಭದ್ರತೆಯಲ್ಲಿ ಕ್ಯೂಆರ್‌ಗಿಂತ ಹೆಚ್ಚೇನೂ ಅಲ್ಲ, ಏಕೆಂದರೆ ಅದರ ಗುರುತುಸಂಖ್ಯೆಯನ್ನು ಅನುಕರಿಸುವ ಖಾಲಿ ಚಿಪ್‌ಗಳು ಸಿಗುತ್ತವೆ. ಎನ್‌ಟ್ಯಾಗ್ 424 ಡಿಎನ್‌ಎ ಎಂಬ ಹೆಸರಿನದರಂಥ ಚಿಪ್ ಒಳಗೆ 128 ಬಿಟ್‌ನ ಗುಪ್ತಕೀಲಿ ಇಟ್ಟುಕೊಂಡು ಪ್ರತಿ ಸ್ಪರ್ಶಕ್ಕೂ ಹೊಸ ಸಂದೇಶ ಹೊಮ್ಮಿಸುತ್ತದೆ. ನಿನ್ನೆ ಓದಿದ ವಿಳಾಸವನ್ನು ಇಂದು ಮರುಬಳಸಿದರೆ ಸರ್ವರ್ ಒಪ್ಪುವುದಿಲ್ಲ. ಇಲ್ಲಿ ಸರ್ವರ್ ಹೇಳುವ ‘ಈ ಚಿಪ್ ಅಸಲಿ’ ಎಂಬ ಮಾತಿಗೆ ನಿಜವಾದ ತೂಕ ಇದೆ. ಚಿಪ್ ಮಾತ್ರ ಅಸಲಿ ಎಂಬುದನ್ನು ಮರೆಯಬೇಡಿ. ಅದನ್ನು ಕಿತ್ತು ಇನ್ನೊಂದಕ್ಕೆ ಅಂಟಿಸಬಾರದೆಂದರೆ ಕಿತ್ತಾಗ ಹರಿಯುವ ಆಂಟೆನಾ ಬೇಕು. ಬಾಟಲಿಯ ಮುಚ್ಚಳದ ಸುತ್ತ ತೆಳುತಂತಿ ಹಾಯಿಸಿ, ಅದು ತುಂಡಾದದ್ದನ್ನು ಚಿಪ್ ತಾನೇ ವರದಿ ಮಾಡುವ ಮಾದರಿಗಳಿವೆ. ಮರುಭರ್ತಿಯ ವಿರುದ್ಧ ನನಗೆ ತಿಳಿದಂತೆ ಇದಕ್ಕಿಂತ ಗಟ್ಟಿಯಾದದ್ದು ಗ್ರಾಹಕರ ಕೈಗೆ ಸಿಗುವುದಿಲ್ಲ.

ಲೋಹದ ಮೇಲೆ ಸಾಧಾರಣ ಎನ್‌ಎಫ್‌ಸಿ ಲೇಬಲ್ ಕೆಲಸ ಮಾಡುವುದಿಲ್ಲ, ನಡುವೆ ಫೆರೈಟ್ ಎಂಬ ಕಾಂತೀಯ ವಸ್ತುವಿನ ಪದರ ಬೇಕು. ಯುಎಚ್‌ಎಫ್‌ಗೆ ಲೋಹದ ಜೊತೆ ದ್ರವವೂ ಶತ್ರು.

ಗುಪ್ತ ಗುರುತುಗಳು

ಅತಿನೇರಳೆ ದೀಪದಲ್ಲಿ ಬೆಳಗುವ ಶಾಯಿಯನ್ನು ಇಂದು ಗುಪ್ತ ಎನ್ನುವುದೇ ಕಷ್ಟ. ದೀಪವೂ ಶಾಯಿಯೂ ಎಲ್ಲೆಡೆ ಸಿಗುತ್ತವೆ. ಅವಗೆಂಪು ಬೆಳಕು ಬಿದ್ದಾಗ ಹಸಿರಾಗಿ ಹೊಳೆಯುವ ವಿರಳ ಲೋಹಗಳ ಪುಡಿ, ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುವ ಬಣ್ಣದ ಪದರಗಳ ಕಣಗಳು, ಸಂಶ್ಲೇಷಿತ ಡಿಎನ್‌ಎ ಇವುಗಳ ಮಟ್ಟ ಬೇರೆ. ಇವು ಗ್ರಾಹಕರಿಗಲ್ಲ. ನಿಮ್ಮ ತನಿಖಾ ತಂಡಕ್ಕೆ, ಸುಂಕದ ಅಧಿಕಾರಿಗಳಿಗೆ, ನ್ಯಾಯಾಲಯಕ್ಕೆ. ಗ್ರಾಹಕರು ತಂದ ವಸ್ತು ತಮ್ಮದಲ್ಲ ಎಂದು ಕಂಪನಿ ಸಾಬೀತು ಮಾಡಬೇಕಾದ ದಿನ ಇವುಗಳ ಬೆಲೆ ತಿಳಿಯುತ್ತದೆ. ಗುಟ್ಟು ಬಹಳ ಜನಕ್ಕೆ ಗೊತ್ತಾದ ದಿನ ಆ ಗುರುತಿನ ಆಯಸ್ಸು ಮುಗಿಯಿತು, ಹಾಗಾಗಿ ಒಂದನ್ನು ಬಳಸುತ್ತಿರುವಾಗಲೇ ಮುಂದಿನದನ್ನು ಸಿದ್ಧವಾಗಿಟ್ಟಿರಬೇಕು.

ಬ್ಲಾಕ್‌ಚೈನ್ ಬಗ್ಗೆ ಎರಡು ಮಾತು

ಬ್ಲಾಕ್‌ಚೈನ್ ಎಂದರೆ ಒಂದೇ ದಾಖಲೆಯ ಪ್ರತಿಗಳನ್ನು ಹಲವು ಕಂಪ್ಯೂಟರ್‌ಗಳಲ್ಲಿ ಇಡುವ ಪದ್ಧತಿ. ಬರೆದ ದಾಖಲೆಯನ್ನು ತಿದ್ದಲಾಗದು ಎಂಬುದು ಅದರ ಗುಣ. ದಾಖಲೆಗೂ ವಸ್ತುವಿಗೂ ನಡುವಿನ ಕೊಂಡಿ ಮಾತ್ರ ಆಗಲೂ ಒಂದು ಲೇಬಲ್ಲೇ. ಆ ಲೇಬಲ್ ನಕಲಾದರೆ ತಿದ್ದಲಾಗದ ದಾಖಲೆ ನಕಲಿಗೂ ಸಾಕ್ಷಿ ಹೇಳುತ್ತದೆ. ಎಲ್‌ವಿಎಂಎಚ್, ಪ್ರಾಡಾ, ಕಾರ್ಟಿಯೇ ಎಂಬ ಐಷಾರಾಮಿ ಕಂಪನಿಗಳು ಸೇರಿ 2021ರಲ್ಲಿ ಆರಂಭಿಸಿದ ಆರಾ ಒಕ್ಕೂಟದಂತೆ, ವಸ್ತು ಒಬ್ಬರಿಂದ ಒಬ್ಬರಿಗೆ ಮಾರಾಟವಾಗುತ್ತ ಹೋಗುವ ಐಷಾರಾಮಿ ಸರಕಿಗೆ ಒಡೆತನದ ದಾಖಲೆಯಾಗಿ ಅದು ಅರ್ಥಪೂರ್ಣ. ಉಳಿದವರು ಮೊದಲು ಒಳ್ಳೆಯ ಲೇಬಲ್ಲಿಗೆ ಹಣ ಹಾಕಿ.

ಯಾವ ಸರಕಿಗೆ ಯಾವುದು

ಔಷಧ ತಯಾರಿಸುವವರಿಗೆ ಆಯ್ಕೆಯ ಬಹುಭಾಗವನ್ನು ಕಾನೂನೇ ಮಾಡಿದೆ. ಐರೋಪ್ಯ ಒಕ್ಕೂಟದಲ್ಲಿ 2019ರ ಫೆಬ್ರವರಿ 9ರಿಂದ ವೈದ್ಯರ ಚೀಟಿ ಬೇಕಾಗುವ ಬಹುತೇಕ ಔಷಧಗಳ ಮೇಲೆ ವಿಶಿಷ್ಟ ಸಂಖ್ಯೆಯ ಡೇಟಾ ಮ್ಯಾಟ್ರಿಕ್ಸ್ ಕೋಡ್ (ಕ್ಯೂಆರ್‌ನಂಥದೇ ಚುಕ್ಕಿಗಳ ಚೌಕ) ಮತ್ತು ತೆರೆದರೆ ತಿಳಿಯುವ ಸೀಲು ಎರಡೂ ಕಡ್ಡಾಯ. ಅಮೆರಿಕದಲ್ಲಿ 2013ರ ಕಾಯ್ದೆ ಪೊಟ್ಟಣದ ಮಟ್ಟದ ಜಾಡನ್ನು ಹಂತಹಂತವಾಗಿ ತಂದಿತು. ಭಾರತದಲ್ಲಿ 2023ರ ಆಗಸ್ಟ್ 1ರಿಂದ 300 ಪ್ರಮುಖ ಔಷಧ ಬ್ರ್ಯಾಂಡ್‌ಗಳಿಗೆ ಬಾರ್‌ಕೋಡ್ ಅಥವಾ ಕ್ಯೂಆರ್ ಕಡ್ಡಾಯ. ಐರೋಪ್ಯ ಮಾದರಿಯಲ್ಲಿ ನನಗೆ ಮೆಚ್ಚುಗೆಯಾಗುವುದು ಒಂದು ಅಂಶ: ಔಷಧ ಕೊಡುವ ಮುನ್ನ ಫಾರ್ಮಸಿಸ್ಟರೇ ಕೋಡ್ ಓದಿ, ಆ ಸಂಖ್ಯೆಯನ್ನು ವ್ಯವಸ್ಥೆಯಿಂದ ಬಳಕೆಯಾಯಿತೆಂದು ತೆಗೆದುಹಾಕಬೇಕು. ಪರೀಕ್ಷಿಸುವವರು ಯಾರೆಂಬುದನ್ನು ರೋಗಿಯ ಮರ್ಜಿಗೆ ಬಿಟ್ಟಿಲ್ಲ.

ವಾಹನದ ಬಿಡಿಭಾಗಗಳಲ್ಲಿ ಪರೀಕ್ಷಿಸಬೇಕಾದವರು ಮೆಕ್ಯಾನಿಕ್. ಬ್ರೇಕ್ ಪ್ಯಾಡ್ ನಕಲಿಯಾದರೆ ಹೋಗುವುದು ಜೀವ. ಪೆಟ್ಟಿಗೆ ಕಸದ ಬುಟ್ಟಿ ಸೇರಿದ ಮೇಲೂ ಗುರುತು ಉಳಿಯಬೇಕಾದ್ದರಿಂದ ಭಾಗದ ಮೇಲೆಯೇ ಲೇಸರ್‌ನಿಂದ ಕೊರೆದ ಡೇಟಾ ಮ್ಯಾಟ್ರಿಕ್ಸ್, ಪೆಟ್ಟಿಗೆಯ ಮೇಲೆ ನಕಲಾದರೆ ಕೆಡುವ ಮುದ್ರಣ, ಎರಡರ ಸಂಖ್ಯೆಗೂ ಪರಸ್ಪರ ಕೊಂಡಿ. ಎಣ್ಣೆ ಹತ್ತಿದ ಕೈಯಿಂದ ಚಿಕ್ಕ ಹಾಲೋಗ್ರಾಂ ಓರೆ ಮಾಡಿ ನೋಡುವಷ್ಟು ವ್ಯವಧಾನ ಅವರಿಗಿಲ್ಲ. ಕೋಡ್ ಓದಿದರೆ ವಾರಂಟಿ ಆರಂಭವಾಗುವಂತೆ ಮಾಡಿದರೆ ಓದುತ್ತಾರೆ.

ಬಾಟಲಿಯಲ್ಲಿ ಬರುವ ದುಬಾರಿ ದ್ರವಗಳಿಗೆ ಮುಚ್ಚಳವೇ ಕೇಂದ್ರ: ಹರಿಯುವ ಸೀಲು, ಸಾಧ್ಯವಾದರೆ ತಂತಿಯುಳ್ಳ ಚಿಪ್. ಬಟ್ಟೆ ಮತ್ತು ಪಾದರಕ್ಷೆಗಳಲ್ಲಿ ಹೊರಗಿನ ಸ್ಟಿಕರ್‌ಗಿಂತ ಹೊಲಿದ ಲೇಬಲ್‌ಗಳ ಕಟ್ಟುನಿಟ್ಟಿನ ಲೆಕ್ಕ ಮುಖ್ಯ, ಏಕೆಂದರೆ ಅಲ್ಲಿ ಹೆಚ್ಚುವರಿ ಉತ್ಪಾದನೆಯೇ ದೊಡ್ಡ ಸೋರಿಕೆ. ಬಿತ್ತನೆ ಬೀಜ, ಕೀಟನಾಶಕಗಳಿಗೆ ಕೆರೆಯುವ ಲೇಪದ ಕೋಡ್ ಮತ್ತು ಎಸ್‌ಎಂಎಸ್ ಸಾಕು. ರೈತರು ಮೋಸ ಹೋದದ್ದು ತಿಳಿಯುವುದು ಬೆಳೆ ಕೈಕೊಟ್ಟ ಮೇಲೆ, ಆದ್ದರಿಂದ ಚೀಲ ಬಿಚ್ಚುವ ಮೊದಲೇ ಪರೀಕ್ಷೆ ಆಗುವಂತೆ ಲೇಪ ಹೊರಗೇ ಇರಲಿ.

ಚಿಕ್ಕ ಕಂಪನಿ, ಕೈಯಲ್ಲಿ ಹೆಚ್ಚು ಹಣ ಇಲ್ಲ ಎನ್ನುವವರು ಊಹಿಸಲಾಗದ ಸಂಖ್ಯೆಯ ಕ್ಯೂಆರ್ ಮತ್ತು ಒಂದು ಒಳ್ಳೆಯ ಸೀಲಿನಿಂದ ಆರಂಭಿಸಲಿ. ಬ್ಯಾಟರಿಯಂಥ ಸರಕನ್ನು ಐರೋಪ್ಯ ಒಕ್ಕೂಟಕ್ಕೆ ಕಳುಹಿಸುವವರಿಗೆ 2027ರ ಫೆಬ್ರವರಿ 18ರಿಂದ ಹಲವು ವರ್ಗಗಳಲ್ಲಿ ಡಿಜಿಟಲ್ ಪಾಸ್‌ಪೋರ್ಟ್, ಅಂದರೆ ಆ ವಸ್ತುವಿನ ವಿವರಗಳ ಡಿಜಿಟಲ್ ದಾಖಲೆ ಬೇಕಾಗುತ್ತದೆ, ಅದೂ ಕ್ಯೂಆರ್ ಮೂಲಕವೇ. ಒಂದು ಪೆಟ್ಟಿಗೆಯ ಮೇಲೆ ಮೂರು ಕೋಡ್ ಇದ್ದರೆ ಜನ ಯಾವುದನ್ನೂ ಓದುವುದಿಲ್ಲ, ಹಾಗಾಗಿ ಈಗಲೇ ಎಲ್ಲಕ್ಕೂ ಒಂದೇ ಕೋಡ್ ಆಗುವಂತೆ ಯೋಜಿಸಿ.

ಸಹಿ ಹಾಕುವ ಮುನ್ನ

ಭದ್ರತಾ ಮುದ್ರಣದ ನಿರ್ವಹಣೆಗೆ ಐಎಸ್‌ಒ 14298 ಮತ್ತು ದೃಢೀಕರಣ ವಿಧಾನಗಳ ಆಯ್ಕೆ, ಮೌಲ್ಯಮಾಪನಕ್ಕೆ 2020ರ ಐಎಸ್‌ಒ 22383 ಇವೆ. ಮುದ್ರಕರಿಗೆ ಮೊದಲನೆಯದರ ಪ್ರಮಾಣಪತ್ರ ಇದೆಯೇ ಎಂದು ಕೇಳಿ, ಎರಡನೆಯದನ್ನು ನೀವೇ ತೆರೆದಿಟ್ಟುಕೊಂಡು ಪ್ರಶ್ನಾವಳಿ ಮಾಡಿ. ಬೆಲೆ ಹೋಲಿಸುವಾಗ ಲೇಬಲ್‌ನ ಬಿಡಿ ಬೆಲೆಯ ಜೊತೆ ಅಂಟಿಸುವ ಯಂತ್ರ, ಓದುವ ಸಾಧನ, ಸರ್ವರ್, ದೂರು ಕೇಳುವ ಸಿಬ್ಬಂದಿ ಎಲ್ಲವನ್ನೂ ಸೇರಿಸಿ. ಸರಕು ಮಾರುಕಟ್ಟೆಯಲ್ಲಿ ಎಷ್ಟು ವರ್ಷ ಇರುತ್ತದೆಯೋ ಅಷ್ಟು ವರ್ಷ ಸರ್ವರ್ ನಡೆಯಲೇಬೇಕು. ಒಪ್ಪಂದ ಮುಗಿದರೆ ಸಂಖ್ಯೆಗಳ ದತ್ತಾಂಶ ಮತ್ತು ಜಾಲತಾಣದ ವಿಳಾಸ ನಿಮ್ಮ ಒಡೆತನದಲ್ಲಿಯೇ ಉಳಿಯುತ್ತದೆಯೇ ಎಂಬುದು ಬರಹದಲ್ಲಿರಲಿ.

ಕೊನೆಯ ಪರೀಕ್ಷೆಯನ್ನು ಮಾರಾಟಗಾರರ ಕಚೇರಿಯಲ್ಲಿ ಮಾಡಬೇಡಿ. ಮಾದರಿ ಲೇಬಲ್‌ಗಳನ್ನು ಅವರಿಗೆ ಸಂಬಂಧವೇ ಇಲ್ಲದ ಇನ್ನೊಬ್ಬ ಮುದ್ರಕರಿಗೆ ಕೊಟ್ಟು, ಸಾಧ್ಯವಾದಷ್ಟು ಚೆನ್ನಾಗಿ ನಕಲು ಮಾಡಿಕೊಡಲು ಹೇಳಿ. ಅಸಲಿ, ನಕಲಿ ಬೆರೆಸಿ, ನಿಮ್ಮ ಸರಕನ್ನು ನಿಜವಾಗಿ ಮಾರುವ, ಕೊಳ್ಳುವ ಜನರ ಮುಂದಿಡಿ. ಅವರ ಸ್ವಂತ ಫೋನ್, ಅವರ ಅಂಗಡಿಯ ಬೆಳಕು, ಒಂದೇ ಸಾಲಿನ ಸೂಚನೆ. ಅವರು ಬೇರ್ಪಡಿಸಲಾರದೆ ಹೋದರೆ ಆ ಲೇಬಲ್ ಬೇಡ. ಬೇರ್ಪಡಿಸಿದರೆ, ‘ನಕಲಿ’ ಎಂದು ಅವರು ಕೈಯೆತ್ತಿದ ಕೂಡಲೇ ಯಾರಿಗೆ ಫೋನ್ ಮಾಡಬೇಕು, ಆ ವಸ್ತುವನ್ನು ಯಾರು ಬಂದು ಒಯ್ಯುತ್ತಾರೆ, ಅವರ ಹಣ ಎಷ್ಟು ದಿನದಲ್ಲಿ ವಾಪಸಾಗುತ್ತದೆ ಎಂಬ ಮೂರು ಉತ್ತರಗಳನ್ನು ಲೇಬಲ್ ಮುದ್ರಣಕ್ಕೆ ಹೋಗುವ ಮೊದಲೇ ಬರೆದಿಟ್ಟುಕೊಳ್ಳಿ, ಏಕೆಂದರೆ ದೂರವಾಣಿ ಸಂಖ್ಯೆಗೆ ಲೇಬಲ್‌ನಲ್ಲಿಯೇ ಜಾಗ ಬಿಡಬೇಕಾಗುತ್ತದೆ.